ತೊಟ್ಟಿಲಿಗೆ ಬೆನ್ನು ಹಾಕಿ

ಬುಧವಾರ ಬೆಳಿಗ್ಗೆ, ಬಸ್ಸಿನಲ್ಲಿ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಪಾಪುವಿಗೆ ಮುತ್ತು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಈ ಡ್ರೈವರಿಗೆ ಗುಂಡಿ ಕಂಡರೆ ಬಲು ಪ್ರೀತಿ. ನಿನ್ನ ಹೆರಿಗೆಗೆ ಬಂದು ನಾಲ್ಕು ದಿನ ಇದ್ದು ಓಡಿಹೋದವಳು ಈಗ ಮತ್ತೆ ನಿನ್ನಲ್ಲಿಗೆ ಹೊರಟಿದ್ದೇನೆ. ಲಸಿಕೆಯ ಕೆಲಸ ಮುಗಿಯುವ ತನಕ ರಜೆಯಿಲ್ಲ ಎಂದಿದ್ದರು ನರ್ಸಮ್ಮ. ಇವತ್ತು ಕೇಳದೆಯೇ ಬಸ್ಸು ಹತ್ತಿದೆ. ಆರೋಗ್ಯ ಕಾರ್ಯಕರ್ತೆಯ ಚೀಲ ಹೆಗಲಿಗೇರಿಸಿದರೆ ಊರ ಬಾಣಂತಿಯರಿಗೆಲ್ಲ ನಾನು ತಾಯಿ, ಹೆತ್ತ ಮಗಳಿಗೆ ಮಾತ್ರ ನೆಂಟಳು. ಕ್ಷಮಿಸು.

ಈ ಕಾಗದವನ್ನು ಸಂಜೆ ನಾನೇ ನಿನ್ನ ಕೈಗೆ ಕೊಡುತ್ತೇನೆ. ಬಾಯಲ್ಲೇ ಹೇಳಬಹುದಲ್ಲ ಎನ್ನಬೇಡ. ಎದುರು ಕೂತರೆ ಅತ್ತುಬಿಡುತ್ತೇನೆ, ಆಮೇಲೆ ನೀನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ನನಗೆ ಭಯವಾಗಿದೆ, ಪುಟ್ಟಿ. ಪಾಪುವಿನ ಬಗ್ಗೆ ಅಲ್ಲ, ನಿನ್ನ ಬಗ್ಗೆ.

ಬಾಣಂತಿಯ ಮನೆಗೆ ಹೋದರೆ ನಾನು ತೊಟ್ಟಿಲಿಗೆ ಬೆನ್ನು ಹಾಕಿ ಕೂರುತ್ತೇನೆ. ಮಗುವನ್ನು ನೋಡಲು ಇಡೀ ಬೀದಿಯೇ ಬರುತ್ತದೆ. ಬಸುರಿಯಾಗಿದ್ದಾಗ ಎರಡು ಜೀವ ಎಂದು ಉಪಚರಿಸಿದವರೇ ಹೆರಿಗೆಯಾದ ಮೇಲೆ ಒಂದು ಜೀವವನ್ನು ಮರೆತುಬಿಡುತ್ತಾರೆ. ನಾನು ಮೊದಲು ತಾಯಿಯ ಮುಖ ನೋಡುತ್ತೇನೆ. ಊಟ, ಜ್ವರ, ರಕ್ತಸ್ರಾವ, ನಿದ್ದೆ ಎಲ್ಲ ಕೇಳಿಯಾದ ಮೇಲೆಯೇ ಮಗುವನ್ನು ತೂಗುವುದು. ಮೊಮ್ಮಗನ ಮೇಲೆ ಇವಳಿಗೇನು ಸಿಟ್ಟು ಎಂದು ಅಜ್ಜಿಯಂದಿರು ಗೊಣಗುತ್ತಾರೆ.

ಹೋದ ತಿಂಗಳು ವೆಲ್ಡಿಂಗ್ ಅಂಗಡಿಯವನ ಹೆಂಡತಿಯ ಎದುರು ಹಾಗೇ ಕೂತಿದ್ದೆ. ಹಾಲೂಡಿಸುತ್ತಾಳೆ, ಬಟ್ಟೆ ಮಡಚುತ್ತಾಳೆ, ಕಣ್ಣು ಮಾತ್ರ ಗೋಡೆಯ ಮೇಲೆ. ಬಾಣಂತಿ ಸೊಕ್ಕು ಎಂದರು ಅವಳ ಅತ್ತೆ. ನಿನಗೆ ನಿದ್ದೆ ಬರುತ್ತದೆಯೇ ಎಂದು ಕೇಳಿದೆ.

"ಮಗು ಮಲಗುತ್ತೆ ಅಕ್ಕಾ" ಎಂದಳು.

ಅವಳನ್ನು ಕೇಳಿದರೆ ಮಗುವಿನ ಸುದ್ದಿ. ಅತ್ತೆಯ ಬೈಗುಳ ತಿಂದರೂ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇದು ಸೊಕ್ಕಲ್ಲ, ಕಾಯಿಲೆ, ಔಷಧಿಯಿದೆ, ವಾಸಿಯಾಗುತ್ತದೆ ಎಂದರು ಡಾಕ್ಟರು. ಈಗವಳು ನನ್ನ ನಡಿಗೆಯನ್ನು ಅಣಕಿಸುವಷ್ಟು ಗೆಲುವಾಗಿದ್ದಾಳೆ.

ಹೇಗಿದ್ದೀಯ ಎಂದು ಕೇಳಿದರೆ ನೀನೂ ಪಾಪು ಚೆನ್ನಾಗಿದೆ ಎನ್ನುತ್ತೀಯ. ಇವತ್ತು ಫೋನೂ ಎತ್ತಲಿಲ್ಲ. ಕೆಲಸಕ್ಕೆ ಹೋಗಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ ಎಂದು ಅಳಿಯಂದಿರಿಗೆ ಹೇಳಿದ್ದೇನೆ. ಅವರು ನಿನ್ನ ಹಿಂದೆ ಹಿಂದೆಯೇ ಸುತ್ತಿದರೆ ಸಿಟ್ಟಾಗಬೇಡ, ಬೈಯುವುದಿದ್ದರೆ ನನ್ನನ್ನು ಬೈ. ನಾಳೆ ಎಲ್ಲರೂ ಡಾಕ್ಟರ ಹತ್ತಿರ ಹೋಗೋಣ. ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ನನ್ನ ಪಕ್ಕ ಮಲಗಿರು.

ನೂರು ಕಾಲ ಬಾಳು, ನನ್ನ ಕಂದ. ಈ ಸಲದ ಆಶೀರ್ವಾದವೆಲ್ಲ ನಿನಗೇ.

ನಿನ್ನ
ಅಮ್ಮ

ತಾ.ಕ.: ನಿನ್ನೆ ಫೋನ್ ಇಡುವಾಗ ನೀನು ಕೇಳಿದೆ, "ಅಮ್ಮಾ, ನಾನಿಲ್ಲದಿದ್ರೆ ಪಾಪೂಗೆ ಡಬ್ಬಿ ಹಾಲು ಒಗ್ಗುತ್ತಾ?" ಡಬ್ಬಿ ಹಾಲಿನ ವಿಷಯ ದಿನಾ ಯಾರಾದರೂ ಕೇಳುತ್ತಾರೆ, ಬಾಯಿ ತಾನಾಗಿಯೇ ಉತ್ತರ ಕೊಟ್ಟಿತು. ಒಗ್ಗುತ್ತೆ, ನೀರು ಕುದಿಸಿ ಆರಿಸಿ ಹಾಕು ಎಂದುಬಿಟ್ಟೆ. ಪಾತ್ರೆ ತೊಳೆಯುವಾಗ ನೀನು ಕೇಳಿದ್ದು ಏನೆಂದು ಹೊಳೆಯಿತು. ಆ ಉತ್ತರ ತಪ್ಪು, ಪುಟ್ಟಿ. ಹಾಲು ಒಗ್ಗಬಹುದು. ನೀನಿಲ್ಲದ್ದು ನಮಗ್ಯಾರಿಗೂ ಒಗ್ಗುವುದಿಲ್ಲ.