ಬಲಗಡೆಯ ಜೇಬು

ಸ್ಟುಡಿಯೋ ಮಹಡಿ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಎರಡೂವರೆ

ಪ್ರೀತಿಯ ಮಗಳೇ, ನನ್ನ ಮೆಣಸಿನಕಾಯೀ,

ಹೇಗಿದ್ದೀಯ? ಮೊಣಕಾಲಿನ ಗಾಯ ಒಣಗಿತಾ? ಗುಡ್ಡ ಹತ್ತಿ ಇಳಿದು ಅಳತೆ ಮಾಡುವ ಕೆಲಸ ಅಂದಮೇಲೆ ಬೀಳುವುದು ಏಳುವುದು ಇದ್ದದ್ದೇ. ಆದರೆ ಬಿದ್ದದ್ದನ್ನು ಮೂರು ವಾರ ಬಿಟ್ಟು ತಿಳಿಸುತ್ತೀಯಲ್ಲ, ಅದಕ್ಕೆ ನಿನ್ನ ಕಿವಿ ಹಿಂಡಬೇಕು. ಕ್ಯಾಂಪಿನಲ್ಲಿ ಫೋನ್ ಸಿಗುವುದಿಲ್ಲ, ವಾರಕ್ಕೊಮ್ಮೆ ಟಪಾಲು ಜೀಪು ಬರುತ್ತದೆ ಅನ್ನುತ್ತೀಯ. ಹಾಗಾದರೆ ಈ ಕಾಗದ ನಿನ್ನ ಕೈ ಸೇರುವುದು ಸೋಮವಾರ. ಇಲ್ಲಿ ತೀರ್ಮಾನ ಆಗುವುದು ನಾಡಿದ್ದು, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಇದು ಗೊತ್ತಿದ್ದೂ ನಿನ್ನ ಹತ್ತಿರ ಹೇಳಿಕೊಳ್ಳಲು ಕುಳಿತಿದ್ದೇನೆ ಅಂದರೆ ನಿನ್ನಪ್ಪನ ಪಾಡು ಏನಾಗಿರಬೇಕು, ನೀನೇ ಊಹಿಸು. ನನಗೇನೂ ಧಾಡಿಯಿಲ್ಲ. ಎಡಗಣ್ಣಿನ ಪೊರೆ ಹಾಗೇ ಇದೆ, ಆಪರೇಷನ್ ಮಾಡಿಸಿಕೊಂಡಿಲ್ಲ, ಬೈಯಬೇಡ. ನಿನ್ನಮ್ಮ ಚೆನ್ನಾಗಿದ್ದಾಳೆ. ಎರಡು ದಿನದಿಂದ ಮಾತು ಸ್ವಲ್ಪ ಕಡಿಮೆಯಾಗಿದೆ, ಅಷ್ಟೆ.

ನನ್ನ ಗುರುಗಳು ಬಿಟ್ಟುಹೋದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ತೆರೆದು ಒಂದೊಂದೇ ಪ್ರಿಂಟ್ ಹಾಕುತ್ತಿದ್ದೇನೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ. ಎಂಥಾ ಊರು ಕಣೇ ಅದು! ಈಗ ಬ್ಯಾಂಕ್ ಇರುವ ಮೂಲೆಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಟಾಕೀಸಿನ ಜಾಗದಲ್ಲಿ ಐಸ್ ಮಾರುವವನ ಮರದ ಗೂಡು. ಒಬ್ಬ ಹೆಂಗಸು ಮಂಜುಗಡ್ಡೆ ಕರಗೀತೆಂದು ಬಟ್ಟೆಯಲ್ಲಿ ಸುತ್ತಿಕೊಂಡು ಓಡುತ್ತಿದ್ದಾಳೆ, ಓಡುವ ರಭಸಕ್ಕೆ ಅವಳ ಕಾಲು ಎರಡಕ್ಕೆ ನಾಲ್ಕಾಗಿ ಮೂಡಿವೆ. ಟೋಪಿ ಅಂಗಡಿಯವನಿಗೆ ಗಿರಾಕಿಯೇ ಇಲ್ಲ, ತಾನೇ ಒಂದರ ಮೇಲೊಂದು ಮೂರು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ನಾನೂ ನಿನ್ನಮ್ಮನೂ ಭೂತಗನ್ನಡಿ ಹಿಡಿದು, ಇದು ಯಾವ ಬೀದಿ, ಆ ಮೆಟ್ಟಿಲು ಯಾರ ಮನೆಯದು ಎಂದು ದಿನಾ ಜಗಳವಾಡುತ್ತಿದ್ದೆವು. ಮೂವತ್ತು ವರ್ಷ ನಮ್ಮ ಸ್ಟುಡಿಯೋದ ಫೋಟೋಗಳಿಗೆ ಕೈಯಲ್ಲೇ ಬಣ್ಣ ಹಾಕಿದವಳಲ್ಲವೇ, ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಇದನ್ನು ಅವಳೆದುರಿಗೆ ನಾನು ಯಾವತ್ತೂ ಒಪ್ಪಿಕೊಂಡಿಲ್ಲ.

ಅದೇ ಪೆಟ್ಟಿಗೆಯಲ್ಲಿ ನಮ್ಮ ಬೀದಿಯ ನೆಗೆಟಿವ್ ಪ್ಲೇಟೂ ಸಿಕ್ಕಿತು. ರಸ್ತೆ ಅಗಲ ಮಾಡಲು ಒಂದು ಸಾಲು ಅಂಗಡಿ ಒಡೆಯಲೇಬೇಕೆಂದು ನಗರಸಭೆ ಹಟ ಹಿಡಿದದ್ದು ನಿನಗೆ ಗೊತ್ತಿದೆ. ಯಾವ ಸಾಲು ಹಳೆಯದೋ ಅದು ಉಳಿಯಲಿ, ಆಮೇಲೆ ಕಟ್ಟಿದ್ದು ಹೋಗಲಿ ಎಂದು ಅದರ ಸಮಿತಿ ಹೇಳಿತು. ಕಾಗದಪತ್ರಗಳೆಲ್ಲ ಎಂದೋ ಗೆದ್ದಲಿನ ಪಾಲಾಗಿವೆ. ಅಂಥ ಹೊತ್ತಿನಲ್ಲಿ ಈ ಫೋಟೋ! ನೀರಿನ ಟ್ಯಾಂಕಿನ ಬುಡದಲ್ಲಿ ನಿಂತು ಸೇತುವೆಯ ಕಡೆಗೆ ತೆಗೆದದ್ದು. ನಡುವೆ ರಸ್ತೆ, ಕೊನೆಯಲ್ಲಿ ಸೇತುವೆಯ ಕಮಾನು, ಎಡಕ್ಕೆ ಏಳು ಅಂಗಡಿಗಳ ಸಾಲು, ಬಲಕ್ಕೆ ಬರೀ ಬಯಲು. ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತರೆ ಎಡಗಡೆ ಯಾರು? ನಾವು! ಚಪ್ಪಲಿ ಅಂಗಡಿ, ಟೈಲರ್ ಅಂಗಡಿ, ನೀನು ವಾಪಸ್ ಬಂದು ನಡೆಸುತ್ತೇನೆ ಎಂದು ಮಾತು ಕೊಟ್ಟ ನಮ್ಮ ಸ್ಟುಡಿಯೋ, ಎಲ್ಲ ಬಚಾವ್. ಗಡಿಬಿಡಿ ಟೈಲರ್ ಓಡಿಬಂದು, ‘ಈ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಅಣ್ಣಾ’ ಅಂದ. ನಾನೂ ಉಬ್ಬಿಹೋದೆ. ಸುಳ್ಳು ಯಾಕೆ ಹೇಳಲಿ, ಎರಡು ದಿನ ಬೀದಿಯಲ್ಲಿ ಎದೆ ಸೆಟೆಸಿಕೊಂಡೇ ಓಡಾಡಿದೆ.

ಭಾನುವಾರ ಆ ಫೋಟೋ ಪೇಪರಿನಲ್ಲಿ ಬಂತು. ನಿನ್ನಮ್ಮ ಬಟಾಣಿ ಸುಲಿಯುತ್ತ ಅದನ್ನೇ ನೋಡುತ್ತಿದ್ದವಳು, ‘ಆ ಕಾಲದಲ್ಲಿ ಶರ್ಟಿನ ಜೇಬು ಬಲಗಡೆ ಇಡ್ತಿದ್ರಾ?’ ಅಂದಳು. ಮುಂದುಗಡೆ ಐದು ಜನ ಕ್ಯಾಮೆರಾ ನೋಡುತ್ತ ನಿಂತಿದ್ದಾರೆ. ಐದಕ್ಕೆ ಐದು ಜನರದೂ ಬಲ ಎದೆಯ ಮೇಲೆ ಜೇಬು. ‘ಹೂಂ, ಆಗ ಅದೇ ಫ್ಯಾಷನ್ನು’ ಅಂದುಬಿಟ್ಟೆ. ಮಾತು ಬಾಯಿಂದ ಬೀಳುತ್ತಿದ್ದಂತೆ ನನಗೇ ಅನುಮಾನ ಬಂತು. ನಾನು ಕೈ ತೊಳೆಯುವ ನೆಪ ಮಾಡಿ ಡಾರ್ಕ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ.

ಒದ್ದೆ ಬೆರಳಿನ ಪರೀಕ್ಷೆ ನೆನಪಿದೆಯಾ? ನಿನಗೆ ಎಂಟು ವರ್ಷವಿದ್ದಾಗ ನೂರು ಸಲ ಮಾಡಿಸಿದ್ದೆ. ಪ್ಲೇಟಿನ ಒಂದು ಮುಖಕ್ಕೆ ಮಾತ್ರ ಚಿತ್ರದ ಲೇಪ ಇರುತ್ತದೆ. ಮೂಲೆಯಲ್ಲಿ ಒದ್ದೆ ಬೆರಳು ತಾಗಿಸಿದರೆ ಲೇಪದ ಮುಖ ಅಂಟುತ್ತದೆ, ಬರೀ ಗಾಜು ಜಾರುತ್ತದೆ. ಅಂಟುವ ಮುಖ ಕಾಗದಕ್ಕೆ ತಾಗಬೇಕು, ಇಲ್ಲದಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅಚ್ಚಾಗುತ್ತದೆ. ಆ ಪ್ಲೇಟಿನ ಪ್ರಿಂಟ್ ಹಾಕಿದ ದಿನ ಕೆಳಗೆ ಸಮಿತಿಯ ಜೀಪು ಹಾರ್ನ್ ಹೊಡೆಯುತ್ತಿತ್ತು. ಟೈಲರ್ ಮೆಟ್ಟಿಲ ಮೇಲೆ ನಿಂತು ‘ಆಯ್ತಾ ಅಣ್ಣಾ, ಆಯ್ತಾ’ ಎಂದು ತಲೆ ತಿನ್ನುತ್ತಿದ್ದ. ನಲವತ್ತು ವರ್ಷ ಪಳಗಿದ ಕೈಗೆ ಪರೀಕ್ಷೆ ಯಾಕೆ ಅಂದುಕೊಂಡೆ. ಪ್ರಿಂಟ್ ಕೊಂಚ ಮಸುಕಾಗಿ ಬಂದಾಗಲೂ, ಬೆಳಗಿನ ಮಂಜಿರಬೇಕು ಎಂದು ಮಂಜಿನ ಮೇಲೆ ಗೂಬೆ ಕೂರಿಸಿದೆ. ಅಂಗಡಿಗಳಿಗೆ ಬೋರ್ಡ್ ಇದ್ದಿದ್ದರೆ ಅಕ್ಷರ ತಿರುಗುಮುರುಗಾಗಿ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಆಗ ಬೋರ್ಡಿಲ್ಲ, ಮರದ ದೊಡ್ಡ ಕತ್ತರಿ, ತಗಡಿನ ಬೂಟು ತೂಗುಹಾಕುತ್ತಿದ್ದರು. ಭಾನುವಾರ ಪರೀಕ್ಷೆ ಮಾಡಿ, ಸರಿಯಾದ ಮುಖ ಇಟ್ಟು ಇನ್ನೊಂದು ಪ್ರಿಂಟ್ ಹಾಕಿದೆ. ಟ್ರೇಯೊಳಗೆ ನಿಧಾನವಾಗಿ ಮೂಡಿತು. ಜೇಬುಗಳೆಲ್ಲ ಎಡಗಡೆ. ಅಂಗಡಿ ಸಾಲು ಬಲಗಡೆ. ಹಳೆಯ ಸಾಲು ಎದುರಿನವರದು ಕಣೇ, ಬಯಲು ನಮ್ಮದು. ಆ ಪ್ರಿಂಟನ್ನು ಅಲ್ಲೇ ಹರಿದು ಹಾಕಿದೆ.

ನಿನ್ನೆ ಎದುರು ಸಾಲಿನ ರಟ್ಟಿನಕ್ಕ ಬಂದಿದ್ದಳು. ನಿನ್ನ ಶಾಲೆಯ ಪುಸ್ತಕಗಳಿಗೆಲ್ಲ ರಟ್ಟು ಕಟ್ಟಿಕೊಟ್ಟವಳು. ಆರು ಜನ ಸೇರಿದರೂ ಅಲುಗದ ಅವಳ ಕಬ್ಬಿಣದ ಪ್ರೆಸ್ಸನ್ನು ಬಿಚ್ಚಲು ಆಗಲೇ ಮೆಕ್ಯಾನಿಕ್‌ನನ್ನು ಕರೆಸಿದ್ದಾಳಂತೆ. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡು ನಾನು ಮೊದಲೇ ಮುಖ ಗಂಟು ಹಾಕಿಕೊಂಡಿದ್ದೆ. ಅವಳು, ‘ಸ್ಟುಡಿಯೋ ಅಣ್ಣಾ, ಆ ಫೋಟೋ ನನಗೂ ಒಂದು ಕೊಡಿ. ನಮ್ಮಪ್ಪ ಸಾಯೋವರೆಗೂ ನಮ್ಮದೇ ಮೊದಲನೇ ಅಂಗಡಿ ಅಂತಿದ್ರು. ಒಂದ್ಸಲ ಕಣ್ಣಾರೆ ನೋಡಿ ಸುಮ್ಮನಾಗಿಬಿಡ್ತೀನಿ’ ಅಂದಳು. ಕೊಟ್ಟೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಪಾಪ, ನಮ್ಮಪ್ಪ ನನ್ನ ಹತ್ರಾನೂ ಸುಳ್ಳು ಹೇಳಿದ್ರು ನೋಡಿ’ ಅಂದಳು. ಫೋಟೋ ಮಡಚದೆ, ಅಂಚು ಮುದುಡದ ಹಾಗೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಆಗಲೇ ಹೇಳಬಹುದಿತ್ತು. ನನಗೆ ನಾಚಿಕೆಯಾಗುತ್ತಿದೆ ಮಗಳೇ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ನಿನ್ನೆಯಿಂದ ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಸದ್ದಾದರೂ ಆ ಪ್ಲೇಟಿಟ್ಟ ಡ್ರಾಯರಿನ ಕೀಲಿ ಮುಟ್ಟಿ ನೋಡಿಕೊಳ್ಳುತ್ತೇನೆ. ಬಾಯಿಬಿಟ್ಟರೆ ನಮ್ಮ ಸಾಲಿನ ಏಳು ಮನೆಯವರು ಬೀದಿಗೆ ಬೀಳುತ್ತಾರೆ. ಬದಲಿ ಜಾಗ ಎಂದು ಬಸ್ ಡಿಪೋ ಹಿಂದೆ ಗೂಡಂಗಡಿ ಕೊಡುತ್ತಾರಂತೆ, ಅಲ್ಲಿ ಹೋಗಿ ಯಾರು ಫೋಟೋ ತೆಗೆಸುತ್ತಾರೆ? ಬಾಯಿ ಮುಚ್ಚಿಕೊಂಡರೆ ಎದುರಿನ ಏಳು ಮನೆ ಬೀಳುತ್ತವೆ. ಲೆಕ್ಕ ಒಂದೇ, ಅವರು ನಮ್ಮವರಲ್ಲ ಅಷ್ಟೆ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತೇನೆ. ಅದು ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಸಮಿತಿಯಿಂದ ಚೀಟಿ ಬಂತು, ಗುರುವಾರ ಮೂಲ ಪ್ಲೇಟನ್ನೇ ತರಬೇಕಂತೆ. ‘ತಗೊಂಡ್ಹೋಗಿ ತೋರಿಸಿ ಅಣ್ಣಾ, ನಮಗೇನು ಭಯ?’ ಅಂತಾನೆ ಟೈಲರ್, ಪಾಪ. ಅಲ್ಲಿ ಕಸುಬು ಬಲ್ಲವನು ಒಬ್ಬನಿದ್ದರೆ ಮುಗಿಯಿತು. ಹಳೆಯ ಗಾಜು, ವಯಸ್ಸಾದ ಕೈ. ಮೆಟ್ಟಿಲಿಳಿಯುವಾಗ ಜಾರಿತು ಅಂದರೆ ಯಾರು ಏನನ್ನುತ್ತಾರೆ? ಪ್ರಿಂಟ್ ಹೇಗೂ ಅವರ ಹತ್ತಿರ ಇದೆ.

ನಾಳೆ ಜಾರಿಸಿಬಿಡುತ್ತೇನೆ. ಬರೆದುಬಿಟ್ಟೆ ನೋಡು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಈ ಒಂದು ಮಾತಿಗೆ. ನಿನ್ನಮ್ಮನಿಗೆ ಏನೂ ಹೇಳಿಲ್ಲ, ಫ್ಯಾಷನ್ ಅಂದದ್ದನ್ನು ನಂಬಿಕೊಂಡಿದ್ದಾಳೆ. ನೀನು ಬರುವಾಗ ಸ್ಟುಡಿಯೋದ ಬಾಗಿಲು ತೆರೆದಿರಬೇಕು, ನನಗೆ ಬೇಕಾದದ್ದು ಅಷ್ಟೇ. ಸೋಮವಾರ ಇದನ್ನು ಓದಿ ನನ್ನನ್ನು ಎಷ್ಟು ಬೇಕಾದರೂ ಬೈದುಕೋ.

ಗಾಯಕ್ಕೆ ಧೂಳು ತಾಗಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ ಎಂದು ಹರಸುವ ಯೋಗ್ಯತೆ ಇವತ್ತು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಹರಸುತ್ತೇನೆ.

ನಿನ್ನ ಅಪ್ಪ

ತಾ. ಕ.: ಕಾಗದ ಮಡಚಿ, ಅಂಟು ತರಲು ಒಳಗೆ ಹೋದೆ. ಡ್ರಾಯರ್ ತೆರೆದಿದೆ, ಪ್ಲೇಟಿಲ್ಲ. ನಿನ್ನಮ್ಮನೂ ಇಲ್ಲ, ಇನ್ನೊಂದು ಕೀಲಿ ಅವಳ ಹತ್ತಿರ ಇರುವುದನ್ನೇ ಮರೆತಿದ್ದೆ. ಕಿಟಕಿಯ ಹತ್ತಿರ ನಿಂತು ಇದನ್ನು ಗೀಚುತ್ತಿದ್ದೇನೆ. ಅಗೋ, ರಸ್ತೆ ದಾಟುತ್ತಿದ್ದಾಳೆ. ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಾಳೆ. ಎರಡೂ ಕಡೆಯಿಂದ ಲಾರಿಗಳು, ಅವಳು ನಡುರಸ್ತೆಯಲ್ಲಿ ನಿಂತಿದ್ದಾಳೆ. ರಟ್ಟಿನಕ್ಕನ ಬಾಗಿಲಿಗೆ ಇನ್ನು ಹತ್ತು ಹೆಜ್ಜೆ. ಇಲ್ಲಿಂದ ಒಂದು ಸಲ ಗಟ್ಟಿಯಾಗಿ ಹೆಸರು ಹಿಡಿದು ಕೂಗಿದರೆ ಸಾಕು, ಬೆಚ್ಚಿಬಿದ್ದು ಅದನ್ನು ಕೈಬಿಡುತ್ತಾಳೆ. ಬಾಯಿ ತೆರೆದೇ ನಿಂತಿದ್ದೆ. ಈಗ ಒಳಗೆ ಹೋದಳು. ನಾನು ಕೂಗಲಿಲ್ಲ. ನಿನ್ನ ಸ್ಟುಡಿಯೋ ಹೋಯಿತು ಮಗಳೇ, ಕ್ಷಮಿಸು. ಚಪ್ಪಲಿ ಮೆಟ್ಟಿಕೊಂಡು ನಾನೂ ಹೊರಟೆ. ಅವರಪ್ಪ ಸುಳ್ಳು ಹೇಳಿರಲಿಲ್ಲ ಎಂದು ರಟ್ಟಿನಕ್ಕನಿಗೆ ನಾನೇ ಹೇಳಬೇಕು.