ಕಾಲು ಮುಂದಾಗಿ ಹುಟ್ಟಿದವಳು

ಜೂನ್ 9, ರವಿವಾರ

ಬೆಳಿಗ್ಗೆ ಮತ್ತೆ ಬಂದರು. ಇವತ್ತು ಓಣಿಯ ಸೋಮಪ್ಪ ಕಾಕಾ. ಟೊಂಕ ಹಿಡಿದಿದೆ. ಹೊಸ್ತಿಲ ಬಳಿ ಬೋರಲು ಮಲಗಿದರು, ಬಲಗಾಲಿನಿಂದ ಮೂರು ಸಲ ಒದ್ದೆ. "ಹಗರಾತ ನೋಡವಾ" ಅಂತ ಎದ್ದು ಹೋದರು. ನನ್ನ ಚಹಾ ಆರಿತ್ತು.

ಕಾಲು ಮುಂದಾಗಿ ಹುಟ್ಟಿದ್ದೇ ತಪ್ಪಾಯಿತು. ಹಾಗೆ ಹುಟ್ಟಿದವರು ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಅಂತ ಮಂದಿಯ ನಂಬಿಕೆ. ಹುಕ್ಕೇರಿಯ ತವರಲ್ಲೂ ಇದೇ, ಮದುವೆಯಾಗಿ ಮೂಡಲಗಿಗೆ ಬಂದರೂ ಇದೇ. ವಾರವೆಲ್ಲ ಸಾಲಿಯಲ್ಲಿ ಸೈನ್ಸ್ ಕಲಿಸುವುದು, ರವಿವಾರ ಮಂದಿಯ ಟೊಂಕಕ್ಕೆ ಒದೆಯುವುದು. ಹೆಡ್‌ಮಾಸ್ತರೂ ಒಮ್ಮೆ ಬಂದು ಒದೆಸಿಕೊಂಡು ಹೋಗಿದ್ದಾರೆ, ಯಾರಿಗೆ ಹೇಳಲಿ.

ಈಗ ಅತ್ತೆಯದು ಶುರು. ಎಂಟು ದಿನದಿಂದ ಒಂದೇ ಬದಿಗೆ ಭಾರ ಹಾಕಿ ಕೂಡುತ್ತಿದ್ದರು. ಕೇಳಿದರೆ — "ಕುಂಡಿಯಿಂದ ಪಾದದ ತನಕಾ ಕರೆಂಟ್ ಹೊಡದಂಗ ಆಗತೈತಿ. ನೀನ ತುಳಿ."

"ಅತ್ಯಾರ, ನಿಮಗ ಕಾಲ ಹಚ್ಚಲೇನ್ರಿ? ಆಗೂದಿಲ್ಲ."

"ಊರ ಮಂದಿಗೆಲ್ಲಾ ಒದಿತೀ, ನಾ ಏನ್ ಪಾಪ ಮಾಡೇನಿ? ನಿನ್ನ ಕಾಲ ನೋಡೇ ಸೊಸಿ ಮಾಡ್ಕೊಂಡೇನಿ!"

ತುಳಿದೆ. ಆಮೇಲೆ ಅವರ ಕಾಲಿಗೆ ಬಿದ್ದೆ. ಕಾಶಿನಾಥ ಮೊಬೈಲ್ ಹಿಡಿದು ನಗುತ್ತ ನಿಂತಿದ್ದರು. ತಾಯಿಗೆ ಹೆಂಡತಿ ಒದೆಯುವುದನ್ನು ವಿಡಿಯೋ ಮಾಡುವ ಗಂಡ ಇವರೊಬ್ಬರೇ ಇರಬೇಕು.

ಜೂನ್ 13

ಅತ್ತೆಗೆ ನೋವು ಸ್ವಲ್ಪ ಇಳಿದಿದೆಯಂತೆ. ಓಣಿಗೆಲ್ಲ ಸಾರಿ ಬಂದರು. ಇದು ನರದ ನೋವು, ಗೋಕಾಕಿಗೆ ಹೋಗಿ ತೋರಿಸೋಣ ಅಂದೆ. "ಮನ್ಯಾಗ ಡಾಕ್ಟರ್ ಇಟ್ಕೊಂಡು ಗೋಕಾಕಕ್ಕ ಯಾಕ?" ಅಂದರು.

ಖರೆ ಹೇಳಬೇಕೆಂದರೆ ಆ ಮಾತು ಹಿತವಾಯಿತು. ಮತ್ತೆ ಒತ್ತಾಯ ಮಾಡಲಿಲ್ಲ.

ಜೂನ್ 16, ರವಿವಾರ

ಅತ್ತೆಗೆ ಎರಡನೇ ಸಲ ತುಳಿದೆ. ಈಗ ಎರಡೂ ಕಾಲು ಸೆಳೆಯುತ್ತವೆ ಅನ್ನುತ್ತಾರೆ. ಕಾಶಿನಾಥರಿಗೆ ಹೇಳಿದೆ. ಅವರ ಅಂಗಡಿಯಲ್ಲಿ ಬೀಜ-ಗೊಬ್ಬರದ ಗದ್ದಲ. "ಮುಂದಿನ ವಾರ ನೋಡೂಣು."

ಜೂನ್ 21

ಅತ್ತೆಯ ಒಂದು ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದಿತ್ತು. ಅವರಿಗೆ ಗೊತ್ತೇ ಇಲ್ಲ, ಹಾಗೇ ಒಳಗೆ ಬಂದಿದ್ದಾರೆ. ಇಬ್ಬರೂ ನಕ್ಕೆವು.

ನಗಬಾರದಿತ್ತು.

ಜೂನ್ 23, ರವಿವಾರ. ಗೋಕಾಕ, ಸ್ಕ್ಯಾನ್ ಸೆಂಟರಿನ ಬೆಂಚು

ಅತ್ತೆಯನ್ನು ಸ್ಕ್ಯಾನಿಗೆ ಒಳಗೆ ಕರೆದೊಯ್ದಿದ್ದಾರೆ. ಕಾಯುತ್ತ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊಸ್ತಿಲ ಬಳಿ ಮಲಗಿದ್ದರು. ನೋವಿದ್ದ ಕಡೆಯೇ, ಕುಂಡಿಯ ಮೇಲೆ ಕಾಲಿಟ್ಟು ಒತ್ತಿದೆ. ಆಮೇಲೆ — "ಲಗೂನ ಇಡವಾ. ಇಟ್ಟೀಯೇನ್ ಇಲ್ಲೊ?"

ನನ್ನ ಪೂರ್ತಿ ಪಾದ ಅವರ ಮೈಮೇಲಿತ್ತು.

ನರ ಒತ್ತಿಕೊಂಡರೆ ಸ್ಪರ್ಶದ ಜೊತೆ ಮೂತ್ರವೂ ನಿಲ್ಲಬಹುದು ಅಂತ ಎಲ್ಲೋ ಓದಿದ್ದು ನೆನಪಾಯಿತು. ಪಕ್ಕದಲ್ಲಿ ಕೂತು ಕೇಳಿದೆ, ಒಂದಕ್ಕೆ ಹೋಗಿದ್ದಿರೇನು ಅಂತ. ನಿನ್ನೆ ರಾತ್ರಿಯಿಂದ ಇಲ್ಲ. ಬರುತ್ತಲೇ ಇಲ್ಲವಂತೆ. ಅದಕ್ಕೇ ನೀರು ಕುಡಿಯುವುದನ್ನೂ ಬಿಟ್ಟಿದ್ದಾರೆ. "ಹೆಂಗ ಹೇಳ್ಲಿ, ನಾಚಿಕಿ ಬರತೈತಿ."

ಕಾಶಿನಾಥ ಅಂಗಡಿ ಹಾಗೇ ಬಿಟ್ಟು ಓಡಿ ಬಂದರು. ಸೀದಾ ಗೋಕಾಕಿಗೆ.

ಡಾಕ್ಟರು ಸೂಜಿಯಿಂದ ಚುಚ್ಚಿ ಚುಚ್ಚಿ ನೋಡಿದರು. "ಬರೇ ಕಾಲ್ನೋವಿದ್ರ ಗಾಬರಿ ಇಲ್ಲ್ರಿ. ಭಾಳ ಮಂದಿಗೆ ಗುಳಿಗಿ ತೊಗೊಂಡು, ಅಡ್ಡಾಡಕೋಂತ ಇದ್ರ ಕೆಲವು ವಾರದಾಗ ತಾನ ಇಳೀತೈತಿ. ಆದ್ರ ತೊಡಿ ಸಂದಿನ್ಯಾಗ ಜೋಮು ಹಿಡದು ಒಂದಕ್ಕ ನಿಂತ್ರ ಅವತ್ತೇ ಬರಬೇಕ. ಸ್ಕ್ಯಾನ್ ಮಾಡಸ್ರಿ. ಇವತ್ತೇ ಬೆಳಗಾವಿಯೊಳಗ ಆಪರೇಷನ್ ಆಗಬೇಕಾಗ್ತೈತಿ."

ತಾನೇ ಇಳಿಯುತ್ತದಂತೆ. ಹಾಗಾದರೆ ಸೋಮಪ್ಪ ಕಾಕಾ? ಹೆಡ್‌ಮಾಸ್ತರು? ನನ್ನ ಕಾಲು ಇಷ್ಟು ವರ್ಷ ಸುಮ್ಮನೆ ಹೆಸರು ತಗೊಂಡಿತ್ತು.

"ಯಾರಾರ ತಿಕ್ಕೂದು, ತುಳಿಯೂದು ಮಾಡ್ಯಾರೇನ್ರಿ?" ಡಾಕ್ಟರು ಕೇಳಿದರು. ನಾನು ಬಾಯಿ ತೆರೆದೆ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದು, "ಇಲ್ಲ್ರಿ ಸಾಹೇಬ್ರ, ಯಾರೂ ಮುಟ್ಟಿಲ್ಲ" ಅಂದುಬಿಟ್ಟರು.

ಅತ್ತೆಯನ್ನು ಹೊರಗೆ ಕೂಡಿಸಿ, ಮತ್ತೆ ಒಳಗೆ ಹೋಗಿ ಡಾಕ್ಟರಿಗೆ ನಾನೇ ಹೇಳಿದೆ. ತುಳಿದದ್ದರಿಂದಲೇ ಆಯಿತು ಅನ್ನಲಾಗುವುದಿಲ್ಲ, ಆದರೆ ತಡವಾಯಿತು ಅಂದರು. ತಡ ಮಾಡಿದ್ದು ಯಾರು?

ಜೂನ್ 25, ಬೆಳಗಾವಿ

ಮೊನ್ನೆ ರಾತ್ರಿಯೇ ಆಪರೇಷನ್ ಆಗಿದೆ. ನರದ ಗೊಂಚಲಿನ ಮೇಲೆ ಒತ್ತಿಕೊಂಡಿದ್ದ ಡಿಸ್ಕ್ ತೆಗೆದಿದ್ದಾರೆ. ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಸ್ಪರ್ಶ ಎಷ್ಟು ತಿರುಗಿ ಬರುತ್ತದೆ, ಯಾವಾಗ — ಹೇಳಲಾಗದಂತೆ.

ಪಾರವ್ವನ ಫೋನು, ಓಣಿಯ ಕೊನೆಯ ಮನೆಯವಳು. ಟೊಂಕ ಹಿಡಿದಿದೆ, ರವಿವಾರ ಬರುತ್ತೀಯಾ ಅಂತ. "ದವಾಖಾನಿಗೆ ಹೋಗ್ರಿ!" ಎಂದು ಚೀರಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಜೂನ್ 28

ಇವತ್ತು ಎರಡು ಚಮಚ ಗಂಜಿ ಕುಡಿದರು. ಕಾಶಿನಾಥ ಔಷಧಿ ತರಲು ಕೆಳಗೆ ಹೋಗಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಅಂದರು, "ಯಾರೂ ಇಲ್ಲಲಾ? ಒಮ್ಮೆ ನಿನ್ನ ಕಾಲ ಹಚ್ಚು. ಪಾದಕ್ಕ ಹಚ್ಚು ಸಾಕು."

ಬೇಡ ಅನ್ನಲಾಗಲಿಲ್ಲ. ಮಂಚದ ತುದಿಗೆ ಕೂತು, ನನ್ನ ಬಲಗಾಲನ್ನು ಅವರ ಪಾದದ ಮೇಲೆ ಮೆತ್ತಗೆ ಇಟ್ಟೆ.

ಅವರು ಕಣ್ಣು ತೆರೆಯಲಿಲ್ಲ.

"ಇಟ್ಟೀಯೇನವಾ?"

"ಇನ್ನೂ ಇಲ್ರಿ ಅತ್ಯಾರ. ಇಡತೇನಿ, ತಡೀರಿ" ಅಂದೆ.

ಒತ್ತಿದೆ. ಇನ್ನೂ ಸ್ವಲ್ಪ ಒತ್ತಿದೆ. ಅವರಿನ್ನೂ ನಾನು ಕಾಲಿಡಲಿ ಅಂತ ಕಾಯುತ್ತಿದ್ದರು.