ಹಳೇ ಹಳಿಯ ಮೇಲೆ ಕುರಿ ನಿಲ್ಲಿಸುವ ವಿಚಾರ

ಯಾದಗಿರಿ
ಮೇ ೧೨, ೨೦೨೫

ಪವಿತ್ರಾಳ ಅಪ್ಪನವರಿಗೆ ರೇಣಮ್ಮನ ನಮಸ್ಕಾರ.

ನಾನು, ಪವಿತ್ರಾ ಇಬ್ಬರೂ ಚೆನ್ನಾಗಿದ್ದೇವೆ. ನನ್ನ ಫೋನು ನೀವು ಎತ್ತುವುದಿಲ್ಲ. ಅದಕ್ಕೇ ರಾಮಸಮುದ್ರಕ್ಕೆ ಹೊರಟ ಹಾಶಿಮನ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. ಓದುವಾಗ ಮುಖ ಗಂಟು ಹಾಕಬೇಡಿ, ಕುರಿ ಬೆದರುತ್ತವೆ.

ಸ್ಟೇಷನ್ನಿನಿಂದ ಎಣ್ಣೆ ಗಿರಣಿಯವರೆಗೆ ಹಾಳುಬಿದ್ದಿದ್ದ ಗೂಡ್ಸ್ ಹಳಿಯ ಜಾಗ ಈಗ ನೀವು ಕಂಡ ಜಾಲಿಕಂಟಿಯ ಜಾಗವಲ್ಲ. ಸಂಜೆಯಾದರೆ ಓಣಿಯವರೆಲ್ಲ ಅಲ್ಲೇ ಅಡ್ಡಾಡುತ್ತೇವೆ. ಸಮಿತಿಯವರು ನೆಟ್ಟ ಗಿಡಗಳು ಮಾತ್ರ ಬೇರು ಹತ್ತಲಿಲ್ಲ. ಸಸಿ ತಿನ್ನುತ್ತವೆ, ಕುರಿ ಈ ದಾರಿಗೆ ಬರಬಾರದು ಎಂದು ಹೋದ ವರ್ಷ ನಮ್ಮ ಸಮಿತಿ ಠರಾವು ಮಾಡಿದಾಗ ನಾನೂ ಕೈ ಎತ್ತಿದೆ. ನೀವು ಅಂದೇ ಹಿಂಡು ಹೊಡೆದುಕೊಂಡು ನಿಮ್ಮ ತಮ್ಮನ ಊರು ರಾಮಸಮುದ್ರಕ್ಕೆ ಹೋದಿರಿ. ಕುರಿ ಹೋದರೂ ಸಸಿ ಒಣಗಿದವು. ಜಲ್ಲಿ ತೆಗೆದ ನೆಲದಲ್ಲಿ ಸತ್ವವೇ ಇರಲಿಲ್ಲ.

ಮೊನ್ನೆ ಸಭೆಯಲ್ಲಿ ನಾನೇ ಎದ್ದು ನಿಂತೆ. ಹೊಲದವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುವ ಹಾಗೆ ನಾವೂ ಮೂರು ರಾತ್ರಿ ಹಿಂಡು ನಿಲ್ಲಿಸೋಣ, ಮಳೆ ಬಿದ್ದ ಮೇಲೆ ಹೊಂಗೆ ಸಸಿ ಹಚ್ಚೋಣ, ಹೊಂಗೆಯನ್ನು ಕುರಿ ಮುಟ್ಟುವುದಿಲ್ಲ ಎಂದೆ. ಪಕ್ಕದ ಮನೆ ಮರಿಲಿಂಗಮ್ಮ ಬಿಟ್ಟಾಳೆಯೇ?

"ಕುರಿ ಓಡಿಸಿದಾಕಿನೇ ಈಗ ಕುರಿ ಕರೀರಿ ಅಂತಾಳ. ಕುರಿ ನೆನಪಾಗ್ಯಾವೋ, ಕುರಿ ಕಾಯಾಂವ ನೆನಪಾಗ್ಯಾನೋ?"

ಸಭೆಯೆಲ್ಲ ನಕ್ಕಿತು. ನಾನು ಗೊಬ್ಬರದ ಮಾತನ್ನಷ್ಟೇ ಮುಂದುವರಿಸಿದೆ.

ಅಧ್ಯಕ್ಷರಾದ ಮನ್ಸೂರಅಲಿ ಸಾಹೇಬರು ಮಾತ್ರ ನಗಲಿಲ್ಲ. "ನಾವ ಬ್ಯಾಡ ಅಂದೀವಿ, ನಾವ ಹೋಗಿ ಎಲಿ-ಅಡಿಕಿ ಕೊಟ್ಟು ಕರೀಬೇಕ್ರಿ" ಎಂದರು. ಗುರುವಾರ ನಾಲ್ವರು ನಿಮ್ಮ ಹಟ್ಟಿಗೆ ಬರುತ್ತಾರೆ. ಹಳೇ ಠರಾವು ರದ್ದಾಯಿತು. ಬೇಸಿಗೆಗೊಮ್ಮೆ ಹಿಂಡು ಇಲ್ಲಿ ನಿಲ್ಲಬೇಕು, ಉಳಿದ ದಿನ ಅಂಚಿನಲ್ಲಿ ಕುರಿಗೆ ದಾರಿ ಬಿಡಬೇಕು ಎಂದು ಹೊಸದಾಗಿ ಬರೆದಿದ್ದಾರೆ.

ಸಮಿತಿಯ ಮಾತು ಇಷ್ಟೇ.

ಇಂತಿ,
ರೇಣಮ್ಮ
ಸದಸ್ಯೆ, ಹಸಿರು ಹಾದಿ ಸಮಿತಿ

ತಾ.ಕ.: ಬಂದವರ ಮುಂದೆ ಒಲ್ಲೆ ಎನ್ನಬೇಡಿ. ನೀವು ಆಗಲೇ ಒಪ್ಪಿದ್ದೀರಿ ಎಂದು ಸಭೆಯಲ್ಲಿ ಹೇಳಿಬಿಟ್ಟಿದ್ದೇನೆ. ಕುರಿಗೆ ಮೂರು ರಾತ್ರಿ ಎಂದು ಬರೆದಿದ್ದಾರೆ. ನಿಮಗೆ ಎಷ್ಟು ಎಂದು ಸಮಿತಿ ಬರೆದಿಲ್ಲ. ನಾನು ಬರೆಯುತ್ತೇನೆ, ರಾಮಸಮುದ್ರದಲ್ಲಿ ಒಂದು ಕಂಬಳಿಯನ್ನೂ ಬಿಟ್ಟು ಬರಬೇಡಿ.